ಕರಿಯಪ್ಪನ ಪಟ್ಟ, ಸುಂಕಪ್ಪನ ಇಂಗ್ಲಿಷ್

ಹೊಸಪೇಟೆ ಸ್ಟೇಷನ್ನಿನ ಗೂಡ್ಸ್ ಶೆಡ್ಡಿನಲ್ಲಿ ಸುಂಕಪ್ಪನದು ಮಾರ್ಕರ್ ಕೆಲಸ. ರೈಲಿಗೆ ಹೋಗುವ ಮೂಟೆ, ಪೀಪಾಯಿ, ಪೆಟ್ಟಿಗೆಗಳ ಮೇಲೆ ಡಾಂಬರಿನ ಕುಂಚದಿಂದ ಊರಿನ ಹೆಸರು ಬರೆಯುವುದು, ಬಂದ ಮಾಲನ್ನು ಎಣಿಸಿ ಒಳಗೆ ಬಿಡುವುದು, ಹೋಗುವ ಮಾಲನ್ನು ಎಣಿಸಿ ಹೊರಗೆ ಕಳಿಸುವುದು. ಅವನ ತಾಯಿ ಉಚ್ಚೆಂಗಮ್ಮ ಮಾತ್ರ ಕೇಳಿದವರಿಗೆಲ್ಲ ‘ನನ್ನ ಮಗ ರೈಲ್ವೇದಾಗ ಬರೀತಾನ’ ಎನ್ನುತ್ತಿದ್ದಳು. ಅದೇನೂ ಸುಳ್ಳಲ್ಲ. ಯಾವುದರ ಮೇಲೆ ಬರೆಯುತ್ತಾನೆ ಎಂದು ಯಾರೂ ಕೇಳದೆ ಇದ್ದದ್ದು ಅವನ ಪುಣ್ಯ.

ವಯಸ್ಸು ಇಪ್ಪತ್ತಮೂರು. ಮೂಟೆಯ ಮೇಲೆ ಬರೆಯಬಲ್ಲ, ಅದನ್ನು ಎತ್ತಲಾರದ ಮೈಕಟ್ಟು. ಎಸ್ಸೆಸ್ಸೆಲ್ಸಿಗೆ ಎರಡು ಸಲ ಕೂತು, ಎರಡು ಸಲವೂ ಇಂಗ್ಲಿಷಿನಲ್ಲಿ ಮಾತ್ರ ಡುಮ್ಕಿ ಹೊಡೆದವನು. ಆಮೇಲೆ ಅವನು ಕಲಿತ ಇಂಗ್ಲಿಷೆಲ್ಲ ಗೂಡ್ಸ್ ಶೆಡ್ಡಿನದು. ಖಾಲಿ ಪೀಪಾಯಿ ವಾಪಸು ಹೋದರೆ ‘ರಿಟರ್ನ್ಡ್’. ಎಣಿಸಿ ಮರ್ಯಾದೆಯಿಂದ ಹೊರಗೆ ಕಳಿಸಿದ ಮಾಲು ‘ಕೌಂಟೆಡ್ ಔಟ್’. ಇಂಥ ನೂರೈವತ್ತು ಮಾತುಗಳಲ್ಲಿ ಬ್ರಿಟಿಷ್ ಸಾಮ್ರಾಜ್ಯ ನಡೆಯುತ್ತದೆ ಎಂದು ಅವನು ಪ್ರಾಮಾಣಿಕವಾಗಿ ನಂಬಿದ್ದ.

ಇಂಥವನು ಊರಿನ ಗರಡಿಮನೆಗೆ ಇಂಗ್ಲಿಷ್ ಪಂಡಿತನಾಗಿದ್ದ. ಸೇರಲು ಹೋದ ಮೊದಲ ದಿನವೇ ಉಸ್ತಾದ ಮೂಕಣ್ಣ ಅವನ ರಟ್ಟೆ ಹಿಡಿದು ನೋಡಿ, ಹುಣಿಸೆಕಾಯಿ ಹಿಸುಕಿ ನೋಡಿದವನಂತೆ ಮುಖ ಮಾಡಿ, ‘ನೀ ಮಣ್ಣಿಗೆ ಇಳೀಬ್ಯಾಡಪಾ. ಓದಾಕ ಬರ್ತದಲ್ಲ, ಕಟ್ಟಿ ಮ್ಯಾಲೆ ಕುಂತು ಓದು’ ಎಂದಿದ್ದ. ಸ್ಟೇಷನ್ ಮಾಸ್ತರರು ಓದಿ ಬಿಟ್ಟ ಮದ್ರಾಸಿನ ಇಂಗ್ಲಿಷ್ ಪೇಪರನ್ನು ಸುಂಕಪ್ಪ ಸಂಜೆ ಕಂಕುಳಲ್ಲಿ ಇರಿಸಿಕೊಂಡು ಬರುತ್ತಿದ್ದ. ಪೈಲ್ವಾನರು ಮೈಯ ಮಣ್ಣು ಒರೆಸಿಕೊಳ್ಳುತ್ತ ಸುತ್ತ ಕೂರುತ್ತಿದ್ದರು.

ಅವರಿಗೆ ಬೇಕಾಗಿದ್ದ ಸುದ್ದಿ ಒಂದೇ, ಕರಿಯಪ್ಪನದು.

ಕರಿಯಪ್ಪ ಅಮೇರಿಕದವನು. ಜಗತ್ತಿನ ಭಾರೀ ತೂಕದ ಮುಷ್ಟಿಮಲ್ಲರಿಗೆಲ್ಲ ಚಾಂಪಿಯನ್. ಪೇಪರಿನವರು ಬರೆಯುತ್ತಿದ್ದ ಅವನ ಹೆಸರಿಗೆ ಗರಡಿಯಲ್ಲಿ ಯಾರ ನಾಲಿಗೆಯೂ ಹೊರಳದಿದ್ದುದರಿಂದ, ಅವನ ಮೈಬಣ್ಣ ನೋಡಿ ನಮ್ಮವನೇ ಎಂದು ತೀರ್ಮಾನಿಸಿ ಹೀಗೆ ನಾಮಕರಣ ಮಾಡಿದ್ದರು. ಬಿಳಿಯರನ್ನು ನಾಲ್ಕು ಜನರೆದುರಿಗೆ ಹೊಡೆದೂ ಜೇಲಿಗೆ ಹೋಗದ ಮನುಷ್ಯನೊಬ್ಬ ಭೂಮಿಯ ಮೇಲಿದ್ದಾನೆ ಎಂಬುದೇ ಅವರಿಗೆ ದೊಡ್ಡ ಸಮಾಧಾನ. ಹನುಮಪ್ಪನ ಗೂಡಿನ ಪಕ್ಕ ಅವನ ಪೇಪರಿನ ಚಿತ್ರ ಅಂಟಿಸಿದ್ದರು. ಅದಕ್ಕೆ ಕುಂಕುಮ ಹಚ್ಚಬಾರದೆಂದು ಮೂಕಣ್ಣ ಎಲ್ಲರಿಗೂ ಹೇಳಿದ್ದ. ಹೇಳಿ ಎರಡು ದಿನಕ್ಕೆ ತಾನೇ ಹಚ್ಚಿದ್ದ.

ಪೇಪರಿನಲ್ಲಿ ಬರುವುದು ಆರೇಳು ಸಾಲು. ಅದರಲ್ಲಿ ಸುಂಕಪ್ಪನಿಗೆ ತಿಳಿಯುವುದು ಎರಡು. ಆದರೆ ಓದು ಅರ್ಧ ಗಂಟೆ ನಡೆಯುತ್ತಿತ್ತು. ಕರಿಯಪ್ಪ ದವಡೆಗೆ ಬಿಟ್ಟ, ಕಿವಿಗೆ ಬಿಟ್ಟ, ಎದುರಾಳಿ ಗಿರಗಿರ ತಿರುಗಿದ ಎಂದು ಅವನು ಕಣ್ಣಾರೆ ಕಂಡವನ ಹಾಗೆ ಹೇಳುತ್ತಿದ್ದ. ಒಮ್ಮೆ ಮಾತಿನ ಭರದಲ್ಲಿ ಕರಿಯಪ್ಪನ ಕೈಯಿಂದ ಕುಸ್ತಿಯ ಧೋಬಿ ಪಟ್ಟು ಹಾಕಿಸಿಬಿಟ್ಟಿದ್ದ. ಯಾರೂ ತಕರಾರು ತೆಗೆಯಲಿಲ್ಲ. ತನ್ನ ಇಂಗ್ಲಿಷಿಗೆ ಗರಡಿ ತಲೆಬಾಗಿದೆ ಎಂದು ಸುಂಕಪ್ಪ ಅಂದು ನೆಟ್ಟಗೆ ನಡೆದು ಮನೆಗೆ ಹೋಗಿದ್ದ.

ಗರಡಿಯ ಒಳ್ಳೆಯ ಪೈಲ್ವಾನ ಅಂದರೆ ಜಡೆಪ್ಪ. ಹಿಂದಿನ ವರ್ಷ ಕಂಪ್ಲಿಯ ಕಣದಲ್ಲಿ ಬೆಳ್ಳಿ ಕಡಗ ಗೆದ್ದವನು. ಈ ವರ್ಷ ಅದೇ ಕಡಗಕ್ಕೆ ಸಂಡೂರಿನ ಗಾದಿಲಿಂಗಪ್ಪ ಸವಾಲು ಹಾಕಿದ್ದ. ಗುಡ್ಡದ ಗಣಿಯಲ್ಲಿ ಮ್ಯಾಂಗನೀಸ್ ಅದಿರು ಹೊತ್ತು ಹೊತ್ತು ಅವನ ಕತ್ತು ಯಾವುದು, ಹೆಗಲು ಯಾವುದು ಎಂದು ಗುರುತು ಸಿಗದಂತಾಗಿತ್ತು. ಕುಸ್ತಿ ಸೋಮವಾರಕ್ಕೆ ಗೊತ್ತಾಗಿತ್ತು. ಅದಕ್ಕೆ ಐದಾರು ದಿನ ಮೊದಲು ಅಮೇರಿಕದಲ್ಲಿ ಕರಿಯಪ್ಪನೂ ಒಬ್ಬ ಬಿಳಿಯನ ಎದುರಿಗೆ ತನ್ನ ಪಟ್ಟಕ್ಕಾಗಿ ಇಳಿಯುವವನಿದ್ದ. ಜಡೆಪ್ಪ ಇವೆರಡನ್ನೂ ಸೇರಿಸಿ ಗಂಟು ಹಾಕಿಕೊಂಡ.

‘ಕರಿಯಪ್ಪ ತನ್ನ ಪಟ್ಟ ಉಳಿಸ್ಕೊಂಡ್ರ ನಾನೂ ಕಡಗ ಉಳಿಸ್ಕೋತೀನಿ. ಅವ ಸೋತ್ರ ನಾ ಕಂಪ್ಲಿಗೆ ಬರಂಗಿಲ್ಲ. ಹನುಮಪ್ಪನ ಆಣಿ.’

‘ಅವಂಗೂ ನಿನಗೂ ಏನ್ ಸಂಬಂಧಲೇ?’ ಎಂದು ಮೂಕಣ್ಣ ಕೇಳಿದ. ‘ಅವನೇನ ನಿಮ್ಮ ಸೋದರಮಾವನೇನ?’

‘ಆಣಿ ಹಾಕಿಬಿಟ್ಟೀನಿ ಉಸ್ತಾದ್ರ. ಇನ್ನ ಏನೂ ಕೇಳಬ್ಯಾಡ್ರಿ.’

ಗುರುವಾರ ಸಂಜೆ ಪೇಪರು ಬಂತು. ಸುಂಕಪ್ಪ ಕಟ್ಟೆಯ ಮೇಲೆ ಕೂತು ಬಿಚ್ಚಿದ. ಅಂದು ಸುದ್ದಿ ಬಹಳ ಸಣ್ಣದಿತ್ತು, ಒಂದು ತಲೆಬರಹ, ಕೆಳಗೆ ಎರಡು ಸಾಲು. ತಲೆಬರಹ ‘ಚಾಂಪಿಯನ್ ರಿಟೇನ್ಸ್ ಟೈಟಲ್’ ಎಂದಿತ್ತು. ಟೈಟಲ್ ಅಂದರೆ ಪಟ್ಟ ಎಂದು ಅವನಿಗೆ ಗೊತ್ತು. ‘ರಿಟೇನ್ಸ್’ ನೋಡಿ, ಮದ್ರಾಸಿನವರು ‘ರಿಟರ್ನ್ಸ್’ ಎಂಬುದರಲ್ಲಿ ಅಕ್ಷರ ತಪ್ಪಿದ್ದಾರೆ ಎಂದುಕೊಂಡ. ಪಟ್ಟ ವಾಪಸು ಹೋಯಿತು, ಖಾಲಿ ಪೀಪಾಯಿಯ ಹಾಗೆ. ಕೆಳಗೆ ಕಣ್ಣು ಓಡಿಸಿದ. ಮೂರನೆಯ ಸುತ್ತಿನಲ್ಲಿ ಚಾಂಪಿಯನ್ ‘ಫ್ಲೋರ್ಡ್’. ಫ್ಲೋರ್ ಅಂದರೆ ನೆಲ, ಅನುಮಾನವೇ ಇಲ್ಲ. ಅದರ ಮುಂದೆ ಎಂಟು ಎಂದು ಏನೋ ಲೆಕ್ಕವಿತ್ತು, ದಾಟಿಕೊಂಡ. ಕೊನೆಗೆ, ಒಂಬತ್ತನೆಯ ಸುತ್ತಿನಲ್ಲಿ ಆ ಬಿಳಿಯ ‘ಕೌಂಟೆಡ್ ಔಟ್’. ಅಂದರೆ ಬಹುಮಾನ ಎಣಿಸಿಕೊಟ್ಟು ಮರ್ಯಾದೆಯಿಂದ ಹೊರಗೆ ಕಳಿಸಿದ್ದಾರೆ.

ಜನ್ಮದಲ್ಲಿ ಮೊದಲ ಸಲ ಅವನಿಗೆ ಒಂದು ಇಂಗ್ಲಿಷ್ ಸುದ್ದಿ ಮೊದಲಿನಿಂದ ಕೊನೆಯವರೆಗೆ ಅರ್ಥವಾಗಿತ್ತು.

‘ಏನಾತಲೇ, ಓದು’ ಎಂದ ಮೂಕಣ್ಣ.

‘ಕರಿಯಪ್ಪ ಬಿದ್ದ್ನಂತ್ರಿ’ ಎಂದ ಸುಂಕಪ್ಪ. ‘ಮೂರನೇ ಸುತ್ತಿನ್ಯಾಗ.’

‘ಹೆಂಗ ಬಿದ್ದ? ಮಕಾಡೆ ಬಿದ್ದನೋ, ಬೆನ್ನು ಮ್ಯಾಲ ಬಿದ್ದನೋ?’

ಪೇಪರಿನಲ್ಲಿ ಅದು ಇರಲಿಲ್ಲ. ಆದರೆ ಇಷ್ಟು ದಿನ ಇಲ್ಲದ್ದನ್ನು ಹೇಳಿ ರೂಢಿಯಾದ ಬಾಯಿ. ‘ಬೆನ್ನು ಮ್ಯಾಲ’ ಎಂದುಬಿಟ್ಟ.

ಅಲ್ಲಿಗೆ ಮುಗಿಯಿತು. ಕುಸ್ತಿಯವರಿಗೆ ಬೆನ್ನು ಮಣ್ಣಿಗೆ ಹತ್ತಿದರೆ ಚಿತ್. ಅದರ ಮೇಲೆ ಅಪೀಲಿಲ್ಲ. ಮೂರರಲ್ಲಿ ಬಿದ್ದವನಿಗೆ ಒಂಬತ್ತನೆಯ ಸುತ್ತಿನತನಕ ಏನು ಕೆಲಸವಿತ್ತು ಎಂದು ಸುಂಕಪ್ಪನಿಗೆ ಹೊಳೆಯಲಿಲ್ಲ.

ಗರಡಿಗೆ ಹಾಲು ಹಾಕುವ ಪಂಪಣ್ಣ ಮೊದಲು ಬಾಯಿ ತೆಗೆದ. ‘ಬಿಳೇರ ಊರು, ಬಿಳೇರ ಪಂಚ. ಇನ್ನೇನಾಕ್ಕತಿ?’

‘ಹಾಲಿನ್ಯಾಗ ಏನೋ ಹಾಕಿ ಕೊಟ್ಟಿರಬೇಕು’ ಎಂದ ಇನ್ನೊಬ್ಬ.

‘ಹಾಲಿನ ಸುದ್ದಿಗೆ ಬರಬ್ಯಾಡ ನೀನು’ ಎಂದು ಪಂಪಣ್ಣ ಸಿಟ್ಟಾದ. ‘ಹಾಲು ಏನ್ ಮಾಡೇತಿ?’

ಯಾರೋ ಎದ್ದು ಹೋಗಿ ಗೋಡೆಯ ಚಿತ್ರ ಕೀಳಲು ಕೈಹಾಕಿದರು. ಮೂಕಣ್ಣ ಕೂತಲ್ಲಿಂದಲೇ ಗದರಿದ. ‘ಮುಟ್ಟಿದ್ರ ಕೈ ಮುರೀತೀನಿ. ಬಿದ್ದಾಂವನ್ನ ಹೊರಗ ಹಾಕೋ ಗರಡಿ ಅಲ್ಲಲೇ ಇದು.’

ಜಡೆಪ್ಪ ಮಾತ್ರ ಒಳಗೆ ಹೋಗಿ ಬಟ್ಟೆ ಬದಲಿಸಿಕೊಂಡು ಬಂದು, ಕೆಂಪು ಲಂಗೋಟಿಯನ್ನು ಹನುಮಪ್ಪನ ಗೂಡಿನ ಗೂಟಕ್ಕೆ ತೂಗುಹಾಕಿದ. ಆ ಗರಡಿಯಲ್ಲಿ ಆ ಗೂಟಕ್ಕೆ ಲಂಗೋಟಿ ಹಾಕಿದವರು ಮತ್ತೆ ಕಣಕ್ಕೆ ಇಳಿಯುತ್ತಿರಲಿಲ್ಲ. ಹಾಗೆ ಹಾಕುವವರು ಅರವತ್ತು ದಾಟಿದವರಾಗಿರುತ್ತಿದ್ದರು. ಜಡೆಪ್ಪನಿಗೆ ಇಪ್ಪತ್ತಾರು.

‘ಅಂಥಾವನ ಬೆನ್ನು ಮಣ್ಣಿಗೆ ಹತ್ತಿತು ಅಂದಮ್ಯಾಲೆ’ ಎಂದು ಅರ್ಧಕ್ಕೇ ಬಿಟ್ಟು ಹೊರಟುಹೋದ.

ಮರುದಿನ ಮಧ್ಯಾಹ್ನ ಗುಂತಕಲ್ ಕಡೆಯಿಂದ ಗೂಡ್ಸ್ ಗಾಡಿ ಬಂತು. ಅದರ ಗಾರ್ಡು ಆಂಗ್ಲೋ ಇಂಡಿಯನ್ ಮನುಷ್ಯ. ಹರೆಯದಲ್ಲಿ ರೈಲ್ವೆ ಕ್ಲಬ್ಬಿನಲ್ಲಿ ಮುಷ್ಟಿಕಾಳಗ ಆಡಿ ಮೂಗು ಸೊಟ್ಟ ಮಾಡಿಕೊಂಡಿದ್ದ. ಅಂದು ಅವನು ಸಿಡಿಮಿಡಿ ಎನ್ನುತ್ತಿದ್ದ, ಕಾರಣವಿಲ್ಲದೆ ಲಾಟೀನನ್ನು ಒದ್ದ. ಸುಂಕಪ್ಪನಿಗೆ ದುಃಖ ಹಂಚಿಕೊಳ್ಳಲು ಒಬ್ಬ ಬೇಕಾಗಿತ್ತು.

‘ಸಾಹೇಬ್ರ, ಪಟ್ಟ ಹೋತಲ್ರಿ’ ಎಂದ.

‘ಎಲ್ಲಿ ಹೋಯ್ತು?’ ಎಂದು ಗಾರ್ಡು ತನ್ನ ರೈಲ್ವೆ ಕನ್ನಡದಲ್ಲಿ ಗುರುಗುಟ್ಟಿದ. ‘ಹೋಗಿದ್ರೆ ನಾನು ಖುಷಿಯಾಗಿ ಇರ್ತಿದ್ದೆ. ನಿಮ್ಮೋನು ಮತ್ತೆ ಗೆದ್ದ. ಟೈಟಲ್ ಅವನ ಹತ್ರಾನೇ ಇದೆ.’

‘ಪೇಪರ್‌ನ್ಯಾಗ ರಿಟರ್ನ್ ಅಂತ ಐತ್ರಿ.’

‘ರಿಟೇನ್. ರಿಟರ್ನ್ ಅಲ್ಲ. ಉಳಿಸ್ಕೊಂಡ ಅಂತ.’

‘ಮೂರನೇ ಸುತ್ತಿನ್ಯಾಗ ಬಿದ್ದ್ನಂತಲ್ರಿ ಮತ್ತ.’

‘ಬಿದ್ದ. ಬಿದ್ರೆ ಏನು? ಹತ್ತು ಎಣಿಸೋದ್ರೊಳಗೆ ಏಳಬೇಕು. ಎಂಟಕ್ಕೆ ಎದ್ದ, ಸೈತಾನ. ಒಂಬತ್ತನೇ ರೌಂಡಿನಲ್ಲಿ ನಮ್ಮೋನನ್ನ ಮಲಗಿಸಿದ. ಹತ್ತು ಎಣಿಸಿದ್ರೂ ನಮ್ಮೋನು ಏಳಲಿಲ್ಲ. ಅದಕ್ಕೇ ಕೌಂಟೆಡ್ ಔಟ್ ಅನ್ನೋದು. ನೀನು ಏನು ಅಂದ್ಕೊಂಡೆ?’

ಎದುರಿಗೆ ‘ಕೌಂಟೆಡ್ ಔಟ್’ ಆಗಿ ನಿಂತಿದ್ದ ನಲವತ್ತು ಮೂಟೆ ಶೇಂಗಾ ಸುಂಕಪ್ಪನನ್ನೇ ನೋಡುತ್ತಿದ್ದವು.

ಸಂಜೆ ಗರಡಿಗೆ ಹೋಗಿ ಮೂಕಣ್ಣನೆದುರಿಗೆ ಎಲ್ಲವನ್ನೂ ಒಪ್ಪಿಸಿದ. ಹೆಸರು ಮೂಕಣ್ಣನಾದರೂ ಅವನು ಬಾಯಿ ಮುಚ್ಚಿದ್ದನ್ನು ಊರಲ್ಲಿ ಕಂಡವರು ಕಡಿಮೆ. ಅಂದು ಸ್ವಲ್ಪ ಹೊತ್ತು ಮುಚ್ಚಿಕೊಂಡಿದ್ದ.

‘ಅಂದ್ರ ಬೆನ್ನು ನೆಲಕ್ಕ ಹತ್ತಿದ ಮ್ಯಾಲೂ ಮುಗಿಯಂಗಿಲ್ಲ?’

‘ಮುಗಿಯಂಗಿಲ್ಲಂತ್ರಿ. ಹತ್ತು ಎಣಿಸೋತನ ಟೈಮ್ ಕೊಡ್ತಾರಂತ.’

‘ಭಾಳ ಧರ್ಮದ ಆಟ ಐತಲ್ಲೋ ಅದು’ ಎಂದ ಮೂಕಣ್ಣ. ಆಮೇಲೆ ಎದ್ದು ಗೂಟದಿಂದ ಲಂಗೋಟಿ ತೆಗೆದು ಹನುಮಪ್ಪನಿಗೆ ಕೈಮುಗಿದು ಅದನ್ನು ಟವೆಲ್ಲಿನಲ್ಲಿ ಸುತ್ತಿ ಸುಂಕಪ್ಪನ ಕೈಗಿಟ್ಟ. ‘ಜಡ್ಯಾ ಕಮಲಾಪುರಕ್ಕ, ಅವರಕ್ಕನ ಗಾಣಕ್ಕ ಹೋಗ್ಯಾನ. ನೀ ಬಿಗಿದ ಗಂಟು, ನೀನ ಹೋಗಿ ಬಿಚ್ಚು. ಅವ ಬರದಿದ್ರ ನೀನೂ ಈ ಕಟ್ಟಿ ಹತ್ತಬ್ಯಾಡ.’

ಶನಿವಾರ ಮಧ್ಯಾಹ್ನ ತಾಯಿಗೆ ಹೊಟ್ಟೆನೋವೆಂದು ಮಾಸ್ತರರಿಗೆ ಹೇಳಿ ಸುಂಕಪ್ಪ ಬಾಡಿಗೆ ಸೈಕಲ್ ಹತ್ತಿದ. ಏಳು ಮೈಲಿ ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿಕೊಂಡ. ಹಂಪಿಗೆ ತಿರುಗುವ ದಾರಿಯ ಹತ್ತಿರ ಚೈನು ಕಳಚಿತು. ಅದನ್ನು ಏರಿಸುವಷ್ಟರಲ್ಲಿ ಜೋಡಿಸಿದ ಮಾತು ಕಳಚಿಹೋಯಿತು.

ಕೆರೆಯ ಕೆಳಗಿನ ಕಬ್ಬಿನ ಗದ್ದೆಯ ಅಂಚಿನಲ್ಲಿ ಗಾಣ ನಡೆದಿತ್ತು. ಜಡೆಪ್ಪ ಬರಿಮೈಯಲ್ಲಿ ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲನ್ನು ಉದ್ದನೆಯ ಮರದ ಹುಟ್ಟಿನಿಂದ ತಿರುವುತ್ತಿದ್ದ. ಅವನ ಅಕ್ಕ ಹೊಳೆಮ್ಮ ಒಂದು ಪಕ್ಕದಲ್ಲಿ ಕೂತು ಆರಿದ ಬೆಲ್ಲದ ಪೆಂಟಿಗಳನ್ನು ಎಣಿಸಿ ಜೋಡಿಸುತ್ತಿದ್ದಳು. ಸುಂಕಪ್ಪನನ್ನು ಕಂಡು, ‘ಬಾರಪಾ ತಮ್ಮ, ಕುಂದ್ರು’ ಎಂದು ಅಂಗೈಗೆ ಒಂದು ಚೂರು ಬಿಸಿ ಬೆಲ್ಲ ಹಾಕಿದಳು. ಅದು ಅಂಗೈ ಸುಟ್ಟಿತು. ತನಗೆ ಇದೂ ಕಡಿಮೆಯೇ ಎಂದು ಅವನಿಗೆ ಅನಿಸಿತು.

‘ಜಡೆಪ್ಪ, ಕರಿಯಪ್ಪ ಸೋತಿಲ್ಲಲೇ. ಗೆದ್ದಾನ.’

ಜಡೆಪ್ಪ ತಿರುವುವುದನ್ನು ನಿಲ್ಲಿಸಲಿಲ್ಲ. ‘ಉಸ್ತಾದ್ರು ಹೇಳಿ ಕಳಿಸ್ಯಾರೇನು?’

‘ಇಲ್ಲ, ಖರೇ ಗೆದ್ದಾನ. ನಾ ತಪ್ಪು ಓದಿದೆ. ನನಗ ಇಂಗ್ಲಿಷ್ ಬರಂಗಿಲ್ಲ.’

‘ಸುಳ್ಳು ಹೇಳಿದ್ರೂ ನಂಬೂ ಹಂಗ ಹೇಳಬೇಕಲೇ ಸುಂಕ’ ಎಂದ ಜಡೆಪ್ಪ. ‘ನನ್ನ ಸಮಾಧಾನಕ್ಕ ಹೇಳಾಕತ್ತಿ. ನೀ ಓದೋದ್ರಾಗ ಬೆಲ್ಲ ಎಷ್ಟು, ನೀರು ಎಷ್ಟು ಅಂತ ನಮಗ ಗೊತ್ತಿಲ್ಲೇನು? ಅಮೇರಿಕದಾಗ ಯಾರಲೇ ಧೋಬಿ ಪಟ್ಟು ಹಾಕ್ತಾರ?’

ಸುಂಕಪ್ಪನ ಮುಖ ಕೊಪ್ಪರಿಗೆಯ ಬೆಂಕಿಗಿಂತ ಬಿಸಿಯಾಯಿತು. ‘ಮತ್ತ ಯಾರೂ ಯಾಕ ಏನೂ ಅನ್ನಲಿಲ್ಲ?’

‘ಕೇಳಾಕ ಚೊಲೋ ಇತ್ತು. ಬಿದ್ದ ಅಂದಿ ನೋಡು, ಅದೊಂದು ಖರೇ ಅನಿಸ್ತು. ಸೋತ ಸುದ್ದಿ ಯಾರಾರ ಕಟ್ಟಿ ಹೇಳ್ತಾರೇನು?’

ಇಷ್ಟು ವರ್ಷ ಕಟ್ಟಿದ ಕತೆಗಳ ಬೆಲೆ ಹೀಗೆ ಒಂದೇ ದಿನ ತೀರಿಸಬೇಕಾಯಿತು. ಸುಂಕಪ್ಪ ರಿಟರ್ನು, ರಿಟೇನು, ಖಾಲಿ ಪೀಪಾಯಿ, ಶೇಂಗಾ ಮೂಟೆ ಎಲ್ಲವನ್ನೂ ಹೇಳಿದ. ಎರಡು ಸಲ ಇಂಗ್ಲಿಷಿನಲ್ಲಿ ಡುಮ್ಕಿ ಹೊಡೆದದ್ದನ್ನೂ ಹೇಳಿದ. ಅದನ್ನು ಅವನು ಹೊಸಪೇಟೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಹೊಳೆಮ್ಮ ಪಾಪ ಎಂದಳು. ಜಡೆಪ್ಪ ಕೇಳಿಕೊಂಡ, ಆದರೆ ತಲೆ ಅಲ್ಲಾಡಿಸಿದ.

‘ಎಲ್ಲಾ ಸೈ. ಆದ್ರ ಬೆನ್ನು ನೆಲಕ್ಕ ಹತ್ತಿದಾಂವ ಗೆಲ್ಲೋದು ಹೆಂಗ? ಅದು ಆಗೂ ಮಾತಲ್ಲ.’

ಸುಂಕಪ್ಪನಿಗೆ ಬೇರೆ ದಾರಿ ಕಾಣಲಿಲ್ಲ. ಅಂಗಿ ಕಳಚಿ ಕಬ್ಬಿನ ಸಿಪ್ಪೆಯ ಮೇಲೆ ಇಟ್ಟು, ಗಾಣದ ಅಂಗಳದಲ್ಲಿ ನಿಂತ. ‘ಹೊಡಿ ನನ್ನ.’

‘ಏನು?’

‘ಹೊಡಿ, ಕೆಡವು. ನಾನೀಗ ಕರಿಯಪ್ಪ. ಅಕ್ಕ, ನೀ ಹತ್ತರತನ ಎಣಸಬೇಕು. ಅಷ್ಟ್ರಾಗ ನಾ ಎದ್ರ ಆಟ ಮುಗಿದಿಲ್ಲ ಅಂತ ಲೆಕ್ಕ.’

ಜಡೆಪ್ಪ ಅವನ ಎದೆಗೂಡನ್ನು ಮೇಲಿಂದ ಕೆಳಗೆ ನೋಡಿದ. ‘ಅಕ್ಕ, ಇವ ಸತ್ರ ನಾ ಜವಾಬ್ದಾರ ಅಲ್ಲ’ ಎಂದು ಹುಟ್ಟನ್ನು ಆಳಿನ ಕೈಗೆ ಕೊಟ್ಟು ಬಂದ. ಹೊಡೆಯಲಿಲ್ಲ, ಬರೀ ಅಂಗೈಯಿಂದ ಹೆಗಲು ತಳ್ಳಿದ. ಸುಂಕಪ್ಪ ಹಿಂದಕ್ಕೆ ಹಾರಿ ಬೆನ್ನು ಮೇಲೆ ಬಿದ್ದ. ಉಸಿರೆಲ್ಲ ಹೊರಗೆ ಹೋಯಿತು. ಮೇಲೆ ಆಕಾಶ, ಪಕ್ಕದಲ್ಲಿ ಗಾಣದ ಎತ್ತಿನ ಗೊರಸು ಕಾಣಿಸಿದವು.

ಹೊಳೆಮ್ಮ ಎಣಿಸತೊಡಗಿದಳು. ಬೆಲ್ಲ, ಭತ್ತ, ಏನೇ ಎಣಿಸಿದರೂ ಆ ಕಡೆಯವರು ಒಂದು ಎನ್ನುವುದಿಲ್ಲ. ಅವಳಿಗೆ ಬೇರೆ ಎಣಿಕೆ ಬರುತ್ತಲೂ ಇರಲಿಲ್ಲ.

‘ಲಾಭ.’

ನೆಲದ ಮೇಲೆ ಅಂಗಾತ ಬಿದ್ದವನಿಗೆ ಈ ಮಾತು ಕೇಳಿಸಿ ನಗು ಬಂತು. ನಕ್ಕರೆ ಪಕ್ಕೆ ನೋಯುತ್ತಿತ್ತು.

‘ಎರಡು. ಮೂರು. ನಾಕು.’

ಮಗ್ಗುಲಾದ. ‘ಐದು. ಆರು.’ ಮೊಣಕಾಲು ಊರಿದ. ‘ಏಳು’ ಎನ್ನುವಾಗ ಮತ್ತೆ ಕುಸಿಯುವಂತಾಯಿತು. ಹೊಳೆಮ್ಮ ಗಾಬರಿಯಿಂದ, ‘ಏಳೋ ತಮ್ಮ, ಏಳು’ ಎಂದಳು. ಅದು ಎಣಿಕೆಯೋ ಅಪ್ಪಣೆಯೋ ಯಾರಿಗೂ ತಿಳಿಯಲಿಲ್ಲ. ‘ಎಂಟು’ ಎನ್ನುವಷ್ಟರಲ್ಲಿ ಸುಂಕಪ್ಪ ಎದ್ದು ನಿಂತಿದ್ದ. ಬೆನ್ನ ತುಂಬ ಮಣ್ಣು, ತಲೆಯಲ್ಲಿ ಕಬ್ಬಿನ ಸಿಪ್ಪೆ, ಎರಡೂ ಮುಷ್ಟಿ ಬಿಗಿ.

ಜಡೆಪ್ಪ ಅವನನ್ನೇ ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ಕೂತುಬಿಟ್ಟ. ನಗು ನಿಂತ ಮೇಲೆ ಕಣ್ಣೊರೆಸಿಕೊಂಡು ಕೇಳಿದ, ‘ಖರೇ ಹಿಂಗ ಎದ್ನೇನು?’

‘ಇದಕ್ಕಿಂತ ಚೊಲೋ ಎದ್ದಿರಬೇಕು. ನನಗ ಇಷ್ಟ ಬರ್ತದ.’

‘ನೀನ ಎದ್ದಿ ಅಂದ್ರ ಅವ ಎದ್ದಿರ್ತಾನ ಬಿಡು’ ಎಂದ ಜಡೆಪ್ಪ. ಕೆರೆಯ ಕಡೆ ನೋಡುತ್ತ ತಗ್ಗಿದ ದನಿಯಲ್ಲಿ ಹೇಳಿದ, ‘ಸುಂಕ, ಆಣಿ ಒಂದ ಅಲ್ಲಲೇ. ಅವ ಬಿದ್ದ ಅಂದಾಗ ಒಳಗ ಎಲ್ಲೋ ನನಗ ಹಗುರ ಆತು. ಇನ್ನ ಆ ಗಾದಿಲಿಂಗನ ಎದುರಿಗೆ ನಿಂದ್ರೋದು ತಪ್ತು ಅಂತ. ಅದಕ್ಕ ನಾಚಿಕಿ ಬಂದು ಲಂಗೋಟಿ ಗೂಟಕ್ಕ ಹಾಕಿದೆ.’

ಸುಂಕಪ್ಪ ಟವೆಲ್ಲಿನ ಗಂಟನ್ನು ಅವನ ಕೈಗೆ ಕೊಟ್ಟ. ಜಡೆಪ್ಪ ಬಿಚ್ಚಿ ನೋಡಿ, ಕೆಂಪು ಲಂಗೋಟಿಯನ್ನು ಕಣ್ಣಿಗೆ ಒತ್ತಿಕೊಂಡ.

ಸೋಮವಾರ ಜಡೆಪ್ಪ ಕಂಪ್ಲಿಯ ಕಣದಲ್ಲಿ ಗಾದಿಲಿಂಗಪ್ಪನ ಎದುರಿಗೆ ಇಳಿದ. ಕುಸ್ತಿ ಮುಕ್ಕಾಲು ಗಂಟೆ ನಡೆಯಿತು. ಅರ್ಧದಷ್ಟು ಹೊತ್ತು ಜಡೆಪ್ಪ ಮಕಾಡೆ ಬಿದ್ದು ಮಣ್ಣು ಕಚ್ಚಿಕೊಂಡಿದ್ದ. ಮೇಲೆ ಕೂತ ಆ ಗುಡ್ಡದಂಥವನು ಅವನನ್ನು ಮಗುಚಲು ಹೆಣಗುತ್ತಿದ್ದ. ಕಣದ ಅಂಚಿನಲ್ಲಿ ಕೂತ ಸುಂಕಪ್ಪ ತನಗೆ ತಿಳಿಯದೆಯೇ ‘ಲಾಭ, ಎರಡು, ಮೂರು’ ಎಂದು ಎಣಿಸುತ್ತಿದ್ದ. ಎಂಟಕ್ಕೆ ಜಡೆಪ್ಪ ಏಳಲಿಲ್ಲ. ಹತ್ತಕ್ಕೂ ಏಳಲಿಲ್ಲ. ಮತ್ತೆ ಲಾಭದಿಂದ ಶುರು ಮಾಡಿದ. ಹೀಗೆ ಎಷ್ಟು ಸಲ ಎಣಿಸಿದನೋ, ಕೊನೆಗೆ ಒಂದು ಸಲ ಆರರ ಹತ್ತಿರ ಜಡೆಪ್ಪ ಮೊಣಕಾಲೂರಿ ಮೀನಿನಂತೆ ಜಾರಿಕೊಂಡು ಎದ್ದು ನಿಂತ. ಅವನ ಬೆನ್ನಿಗೆ ಒಂದು ಕಾಳು ಮಣ್ಣಿರಲಿಲ್ಲ. ಆ ವೇಳೆಗೆ ಗಾದಿಲಿಂಗಪ್ಪನೂ ಬಾಯಿಬಿಟ್ಟು ಉಸಿರಾಡುತ್ತಿದ್ದ. ಹೊತ್ತು ಇಳಿಯುತ್ತಿದ್ದಂತೆ ಪಂಚರು ಇಬ್ಬರ ಕೈಯನ್ನೂ ಎತ್ತಿ ಕುಸ್ತಿ ಸಮ ಎಂದರು. ಸಮವಾದರೆ ಕಡಗ ಯಾರ ಹತ್ತಿರ ಇತ್ತೋ ಅವರಿಗೇ.

‘ಗೆದ್ನೋ ಸೋತ್ನೋ?’ ಎಂದು ಪಂಪಣ್ಣ ಗುಂಪಿನಲ್ಲಿ ಕೇಳುತ್ತಿದ್ದ.

‘ರಿಟೇನ್’ ಎಂದ ಸುಂಕಪ್ಪ.

‘ಹಂಗಂದ್ರ?’

‘ಉಳಿಸ್ಕೊಂಡ ಅಂತ. ಈ ಸಲ ನೀರು ಬೆರೆಸಿಲ್ಲ.’

‘ಹಾಲಿನ ಸುದ್ದಿಗೆ ಬರಬ್ಯಾಡ ಅಂದಿದ್ದೆ’ ಎಂದ ಪಂಪಣ್ಣ. ಆದರೆ ನಗುತ್ತಿದ್ದ. ಮೂಕಣ್ಣ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಬಹಳ ಹೊತ್ತು ಬೆವರು ಒರೆಸಿಕೊಂಡ. ಅಂದು ಅವನು ಕುಸ್ತಿ ಆಡಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಗೂಡ್ಸ್ ಶೆಡ್ಡಿನಲ್ಲಿ ಹನ್ನೆರಡು ಖಾಲಿ ಪೀಪಾಯಿ ಮದ್ರಾಸಿಗೆ ವಾಪಸು ಹೋಗಲು ನಿಂತಿದ್ದವು. ಸುಂಕಪ್ಪ ಕುಂಚ ಅದ್ದಿ, ಸಿಳ್ಳೆ ಹಾಕುತ್ತ, ಹನ್ನೆರಡಕ್ಕೂ ದಪ್ಪ ಅಕ್ಷರದಲ್ಲಿ ಬರೆದ. ಮಾಸ್ತರರು ಬಂದು ಕನ್ನಡಕ ಏರಿಸಿ ಓದಿದರು, ಇಳಿಸಿ ಮತ್ತೆ ಓದಿದರು.

‘ಇದೇನಪ್ಪಾ ಇದು, ರಿಟೇನ್ಡ್? ಈ ಪೀಪಾಯಿ ಯಾರು ಇಟ್ಕೊಳ್ತಾರೆ, ನಿಮ್ಮಪ್ಪನಾ?’

‘ತಪ್ಪಾತ್ರಿ ಸರ್’ ಎಂದ ಸುಂಕಪ್ಪ. ‘ಅದರ ಅರ್ಥ ಮಾತ್ರ ಈಗ ಗೊತ್ತೈತ್ರಿ.’

ಮಾಸ್ತರರು ಗೊಣಗುತ್ತ ಹೋದರು. ಸುಂಕಪ್ಪ ಗೋಣಿತಾಟಿನ ಚೂರಿಗೆ ಸೀಮೆಎಣ್ಣೆ ಹಾಕಿಕೊಂಡು ಒರೆಸಲು ಕೂತ. ಶನಿವಾರ ಬಿದ್ದ ಏಟಿಗೆ ಹೆಗಲು ಇನ್ನೂ ಹಿಡಿದುಕೊಂಡಿತ್ತು. ಒಂದೊಂದೇ ಪೀಪಾಯಿ ಉರುಳಿಸಿಕೊಳ್ಳುತ್ತ, ಯಾರಿಗೂ ಕೇಳಿಸದಂತೆ, ಲಾಭ, ಎರಡು, ಮೂರು ಎಂದು ಎಣಿಸಿದ.